ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆದಿದ್ದಾರೆ, ಅಪ್ಪನಿಗೆ ಚಟ ಹತ್ತುತ್ತಾ?

ಡಾಕ್ಟರ್ ಹೇಳಿದ ಅಳತೆಯಲ್ಲೇ ಕೊಟ್ಟರೆ ಚಟ ಹತ್ತುವ ಸಾಧ್ಯತೆ ಕಡಿಮೆ. ಮುಂಬೈ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಬರುವವರಲ್ಲೂ ಈ ಭಯ ಇದೆ. ಹೆದರಿ ಮಾತ್ರೆ ತಪ್ಪಿಸಿದರೆ ರೋಗಿ ರಾತ್ರಿಯಿಡೀ ನರಳಬೇಕು. ದಯವಿಟ್ಟು ಹಾಗೆ ಮಾಡಬೇಡಿ.

ಮಾರ್ಫಿನ್, ಟ್ರಮಡಾಲ್‌ನಂಥ ಔಷಧಿಗಳು ಮೆದುಳು, ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಸಾಗುವುದನ್ನೇ ತಗ್ಗಿಸುತ್ತವೆ. ಉಸಿರಾಟ ನಡೆಸುವ ಭಾಗಕ್ಕೂ ಅವು ತಾಗುತ್ತವೆ. ಅದಕ್ಕೇ ಡೋಸ್ ಮೀರಿದರೆ ಉಸಿರು ನಿಧಾನವಾಗಿ ನಿಂತೇ ಹೋಗಬಹುದು. ಜೊತೆಗೆ ನಿದ್ದೆ ಮಾತ್ರೆಯೋ ಮದ್ಯವೋ ಸೇರಿದರೆ ಅಪಾಯ ಇನ್ನೂ ಜಾಸ್ತಿ. ಎಬ್ಬಿಸಿದರೂ ಏಳದೆ ಉಸಿರು ತೀರಾ ನಿಧಾನವಾದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ದಿನ ಕಳೆದಂತೆ ಮೈ ಔಷಧಿಗೆ ಒಗ್ಗಿಕೊಳ್ಳುತ್ತದೆ. ಅದನ್ನೇ ಚಟ ಅಂದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಬೆವರು, ನಡುಕ, ಭೇದಿ ಶುರುವಾಗುತ್ತದೆ. ಡಾಕ್ಟರೇ ಮೆಲ್ಲಗೆ ಇಳಿಸಬೇಕು. ಮಲಬದ್ಧತೆಯಂತೂ ಬಹುತೇಕ ಎಲ್ಲರಿಗೂ ಆಗುತ್ತದೆ, ಅದಕ್ಕೆ ಮೊದಲ ದಿನವೇ ಔಷಧಿ ಕೇಳಿ ಪಡೆಯಿರಿ.

ಸುಮ್ನೆ ಸೊಂಟನೋವು ಅಂತ ಪಕ್ಕದ ಮನೆಯವರ ಟ್ರಮಡಾಲ್ ನುಂಗುವುದು ಬೇರೆಯೇ ಮಾತು. ಅಲ್ಲಿ ಚಟದ ಭಯ ನಿಜ. ಅದಕ್ಕೇ 2018ರಲ್ಲಿ ಸರ್ಕಾರ ಅದನ್ನೂ ಮಾದಕವಸ್ತು ಕಾನೂನಿನಡಿ ತಂದಿತು.