ಓದುಗರ ಪ್ರಶ್ನೋತ್ತರ: ಅಜ್ಜನ ಮನೆಯ ‘ಬಟ್ಟೆ ಗಾಣ’

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಅಜ್ಜನ ಮನೆಯನ್ನು ಈ ವರ್ಷ ಕೆಡವಿಸುತ್ತಿದ್ದೇವೆ. ಹಿತ್ತಿಲಿನ ಸೌದೆ ಕೊಟ್ಟಿಗೆಯನ್ನು ಖಾಲಿ ಮಾಡುವಾಗ ಗೋಣಿತಾಟಿನ ಕೆಳಗೆ ಹಳೆಯ ಬಟ್ಟೆ ಒಗೆಯುವ ಯಂತ್ರ ಸಿಕ್ಕಿತು. ಚೌಕಾಕಾರದ ಬಿಳಿ ತೊಟ್ಟಿ, ತೊಟ್ಟಿಯ ಪಕ್ಕದ ಗೋಡೆಯಲ್ಲಿ ತಟ್ಟೆಯಂಥ ಒಂದು ಚಕ್ರ, ಮೇಲೆ ಎರಡು ರಬ್ಬರ್ ಉರುಳೆಗಳು ಮತ್ತು ಅವನ್ನು ತಿರುಗಿಸಲು ಒಂದು ಹಿಡಿಕೆ. ಕೆಲಸ ಮುಗಿದ ಮೇಲೆ ಉರುಳೆಗಳನ್ನು ತೊಟ್ಟಿಯೊಳಕ್ಕೇ ಮಡಚಿ ಮುಚ್ಚಳ ಹಾಕಬಹುದು. ಅಜ್ಜ ಹಿಡಿಕೆ ತಿರುಗಿಸುತ್ತಿದ್ದರು, ಅಜ್ಜಿ ಒದ್ದೆ ಬಟ್ಟೆಯ ತುದಿಯನ್ನು ಉರುಳೆಗಳ ನಡುವೆ ಕೊಡುತ್ತಿದ್ದರು, ಆ ಬದಿಯಿಂದ ಹಪ್ಪಳದಂತೆ ಚಪ್ಪಟೆಯಾಗಿ ಬರುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಇಳಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ನಾವು ಮಕ್ಕಳು ಅದನ್ನು ‘ಬಟ್ಟೆ ಗಾಣ’ ಎಂದು ಕರೆಯುತ್ತಿದ್ದೆವು. ಗುಜರಿಗೆ ಹಾಕಲು ಮನಸ್ಸು ಬಾರದು. ಅದನ್ನು ಮತ್ತೆ ಓಡಿಸಬಹುದೇ? ಮನೆಯಲ್ಲಿ ಒಳ್ಳೆಯ ಯಂತ್ರವಿರುವಾಗ ಇದರ ಮೇಲೆ ಇಷ್ಟು ಮೋಹವೇಕೆ ಎಂದು ಮಗ ಕೇಳುತ್ತಾನೆ. ನನಗೂ ಉತ್ತರ ಹೊಳೆಯುತ್ತಿಲ್ಲ.

ಉತ್ತರ: ತಾಯಿ, ನೀವು ಕೊಟ್ಟಿರುವ ವಿವರಗಳಿಂದಲೇ ನಿಮ್ಮ ಯಂತ್ರದ ಕುಲಗೋತ್ರವನ್ನು ಬಹುಮಟ್ಟಿಗೆ ಹೇಳಬಹುದು. ಚಕ್ರವು ತಳದಲ್ಲಿರದೆ ಪಕ್ಕದ ಗೋಡೆಯಲ್ಲಿರುವುದು, ಹಿಂಡುವ ಉರುಳೆಗಳನ್ನು ವಿದ್ಯುತ್ತಿನ ಬದಲು ಕೈಯಿಂದ ತಿರುಗಿಸುವುದು, ಅವು ತೊಟ್ಟಿಯೊಳಗೆ ಮಡಚಿಕೊಳ್ಳುವುದು, ಇವೆಲ್ಲ ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ಸಣ್ಣ ಅಡುಗೆಮನೆಗಳಿಗಾಗಿ ತಯಾರಾದ ಯಂತ್ರಗಳ ಲಕ್ಷಣಗಳು. ಹೂವರ್ ಕಂಪನಿಯು ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಎಂಬ ಊರಿನಲ್ಲಿ 1948ರಲ್ಲಿ ತೆರೆದ ಕಾರ್ಖಾನೆಯಿಂದ ಹೊರಬಂದ ಯಂತ್ರಗಳು ಇದೇ ಬಗೆಯವು. ತೊಟ್ಟಿಯ ಹಿಂಬದಿಯಲ್ಲಿ ಅಥವಾ ಕೆಳಗೆ ಒಂದು ಲೋಹದ ಫಲಕವಿರುತ್ತದೆ. ಒದ್ದೆ ಬಟ್ಟೆಯಿಂದ ನಿಧಾನವಾಗಿ ಒರೆಸಿ ಅದನ್ನು ಓದಿರಿ. ಅದರಲ್ಲಿ 230 ಅಥವಾ 240 ವೋಲ್ಟ್, 50 ಸೈಕಲ್ (ಸೆಕೆಂಡಿಗೆ ವಿದ್ಯುತ್ತಿನ ಆವರ್ತನೆಗಳು, ಈಗಿನ ಹರ್ಟ್ಸ್) ಎಂದಿದ್ದರೆ ನಮ್ಮ ಮನೆಗಳ ವಿದ್ಯುತ್ತಿಗೆ ಅದು ಹೊಂದುತ್ತದೆ.

ಓಡಿಸಬಹುದೇ ಎಂಬುದಕ್ಕೆ ನನ್ನ ಉತ್ತರ ‘ಹೌದು’ ಎಂದೇ, ಆದರೆ ಕುತೂಹಲಕ್ಕೆಂದು ಇವತ್ತೇ ಪ್ಲಗ್ ಚುಚ್ಚಬೇಡಿರಿ. ಆ ಕಾಲದ ವೈರುಗಳ ರಬ್ಬರ್ ಹೊದಿಕೆ ಇಷ್ಟು ಹೊತ್ತಿಗೆ ಒಣಗಿ ಪುಡಿಯಾಗಿರುತ್ತದೆ, ಯಂತ್ರದ ಮೈಯೆಲ್ಲ ಲೋಹ, ನೆಲವೆಲ್ಲ ನೀರು. ಇದಕ್ಕಿಂತ ಅಪಾಯದ ಕೂಟ ಬೇರೊಂದಿಲ್ಲ. ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಗಳು ಮೈಸೂರು, ಮಂಡ್ಯ ಎರಡೂ ಕಡೆ ಧಾರಾಳವಾಗಿವೆ. ಅಂಥ ಒಬ್ಬ ಅನುಭವಸ್ಥರಿಂದ ಮೋಟಾರನ್ನು ಬಿಚ್ಚಿಸಿ, ಒಣಗಿಸಿ, ವೈಂಡಿಂಗ್ ಮೈಗೆ ತಾಗುತ್ತಿಲ್ಲವೆಂದು ಮೆಗ್ಗರ್ ಎಂಬ ವಿದ್ಯುತ್ ಸೋರಿಕೆ ನೋಡುವ ಉಪಕರಣದಿಂದ ಪರೀಕ್ಷೆ ಮಾಡಿಸಿರಿ. ವೈರನ್ನು ಪೂರ್ತಿಯಾಗಿ ಬದಲಿಸಿ, ಮೂರು ಪಿನ್ನಿನ ಪ್ಲಗ್ ಹಾಕಿಸಿ, ತೊಟ್ಟಿಯ ಮೈಗೆ ಅರ್ಥಿಂಗ್ ಕೊಡಿಸಿರಿ. ಆ ಸಾಕೆಟ್ಟಿನ ಸಾಲಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿದುಹಾಕುವ ಸ್ವಿಚ್ಚು) ಇದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ಇದಿಷ್ಟೂ ಆದ ಮೇಲೆ ಬೆಲ್ಟಿನ ಮಾತು. ಹಳೆಯದನ್ನು ಅಳತೆಗೆ ತೆಗೆದುಕೊಂಡು ಹೋದರೆ ಸರಿಹೊಂದುವ ಬೆಲ್ಟು ಸಿಗುವುದು ಕಷ್ಟವಲ್ಲ.

ಇನ್ನು ಮೋಹದ ವಿಷಯ. ಈ ಯಂತ್ರದಲ್ಲಿ ಬಟ್ಟೆ ಹೆಚ್ಚು ಶುಭ್ರವಾಗುತ್ತಿತ್ತು ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಜಾಲಿಸುವ ಕೆಲಸವನ್ನು ಅದು ಮಾಡುತ್ತಲೇ ಇರಲಿಲ್ಲ. ಪಕ್ಕದಲ್ಲಿ ಬೇರೆ ನೀರಿಟ್ಟುಕೊಂಡು ಕೈಯಿಂದಲೇ ಜಾಲಿಸಬೇಕಾಗಿತ್ತು, ಅವಸರ ಮಾಡಿದ ದಿನ ಬನಿಯನ್ನಿನಲ್ಲಿ ಸೋಪು ಉಳಿದು ಮೈ ಕಡಿಯುತ್ತಿತ್ತು. ಆದರೆ ಹಿಂಡುವ ಕೆಲಸದಲ್ಲಿ ಅದಕ್ಕೊಂದು ಹೆಚ್ಚುಗಾರಿಕೆ ನಿಜವಾಗಿಯೂ ಇತ್ತು. ಕೈಯಿಂದ ಹಿಂಡುವಾಗ ನಾವು ಬಟ್ಟೆಯನ್ನು ತಿರುಚುತ್ತೇವೆ. ಜಮಖಾನವನ್ನು ಇಬ್ಬರು ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಎದುರುಬದುರು ತಿರುಚಿದಾಗ ನೂಲಿನ ಮೇಲೆ ಬೀಳುವ ಜಗ್ಗಾಟ ಅಷ್ಟಿಷ್ಟಲ್ಲ. ಉರುಳೆಗಳು ತಿರುಚದೆ ಒತ್ತುತ್ತವೆ. ಆದ್ದರಿಂದ ಹತ್ತಿಯ ದುಪ್ಪಟಿಯನ್ನು ಸರಿಯಾಗಿ ಮಡಚಿ ಕೊಟ್ಟರೆ ಅದು ಅರ್ಧ ಇಸ್ತ್ರಿಯಾದಂತೆಯೇ ಹೊರಬರುತ್ತಿತ್ತು. ನೀವು ಹಪ್ಪಳ ಎಂದಿರುವುದು ತಕ್ಕ ಮಾತು.

ಮತ್ತೊಂದು ಸಂಗತಿ ನಿಮ್ಮ ಪತ್ರದೊಳಗೇ ಇದೆ. ತಿರುಗಿಸಲು ಒಬ್ಬರು, ಕೊಡಲು ಒಬ್ಬರು, ಇಳಿಸಿಕೊಳ್ಳಲು ಒಬ್ಬರು. ನಮ್ಮ ಸೀಮೆಯ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವನೊಬ್ಬ, ಆ ಬದಿಯಲ್ಲಿ ಹಿಂಡಿದ ಕಬ್ಬಿನ ರಚ್ಚು ಎಳೆಯುವವನೊಬ್ಬ ಇರುವಂತೆಯೇ, ಈ ಯಂತ್ರವೂ ಮನೆಯ ಮೂವರನ್ನು ಒಂದು ಗಂಟೆ ಹಿತ್ತಿಲಿನಲ್ಲಿ ಹಿಡಿದು ನಿಲ್ಲಿಸುತ್ತಿತ್ತು, ಅದರಲ್ಲಿ ಪುಟ್ಟ ಹುಡುಗಿಗೂ ಒಂದು ನಿಜವಾದ ಕೆಲಸವಿತ್ತು. ಗುಂಡಿ ಒತ್ತಿ ಒಳಗೆ ಹೋಗಿಬಿಡಬಹುದಾದ ಈಗಿನ ಯಂತ್ರದ ಬಳಿ ಯಾವ ಮೊಮ್ಮಗಳೂ ನಿಂತುಕೊಳ್ಳುವುದಿಲ್ಲ. ನಿಮ್ಮ ಮಗನಿಗೆ ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ, ಒಂದು ಭಾನುವಾರ ಮೋಟಾರಿನ ಗೊಡವೆಯೇ ಇಲ್ಲದೆ ನಾಲ್ಕು ಟವೆಲ್ಲು ನೆನೆಸಿಕೊಂಡು, ಅವರ ಕೈಗೆ ಹಿಡಿಕೆ ಕೊಟ್ಟು ನೋಡಿರಿ. ನಮ್ಮ ಮನೆಯಲ್ಲಿ ಒಗೆಯುವ ಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಯಾದವಗಿರಿಯ ಗೆಳೆಯನೊಬ್ಬನ ಮನೆಯಲ್ಲಿ ಇಂಥದೊಂದನ್ನು ತಿರುಗಿಸಲು ಸಿಕ್ಕ ದಿನ ನಾನು ಊಟಕ್ಕೂ ಮನೆಗೆ ಬಂದಿರಲಿಲ್ಲವೆಂದು ನಮ್ಮ ತಾಯಿ ಕಡೆಯವರೆಗೂ ಆಡಿಕೊಳ್ಳುತ್ತಿದ್ದರು.

ಪ್ರಶ್ನೆ: ಮಂಡ್ಯದ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರ ಬಳಿ ಅಮೆರಿಕದ ಉರುಳೆ ಯಂತ್ರವೊಂದಿದೆ. ದುಂಡನೆಯ ತೊಟ್ಟಿ, ನಾಲ್ಕು ಕಾಲು. ಉರುಳೆಗಳೂ ವಿದ್ಯುತ್ತಿನಿಂದಲೇ ತಿರುಗುತ್ತವೆ. ಫಲಕದಲ್ಲಿ 110 ವೋಲ್ಟ್, 60 ಸೈಕಲ್ ಎಂದಿದೆ. ಕೊಂಡು ಮನೆಯಲ್ಲಿ ಬಳಸಬೇಕೆಂಬ ಆಸೆ. ಇವು ಎಷ್ಟು ಹಳೆಯವು? ಮನೆಯಲ್ಲಿ ಐದು ಮತ್ತು ಎಂಟು ವರ್ಷದ ಮಕ್ಕಳಿದ್ದಾರೆ.

ಉತ್ತರ: ಮಕ್ಕಳ ವಿಷಯವನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಕೈಯಿಂದ ತಿರುಗಿಸುವ ಉರುಳೆಗೂ ವಿದ್ಯುತ್ತಿನ ಉರುಳೆಗೂ ಇರುವ ವ್ಯತ್ಯಾಸ ದೊಡ್ಡದು. ಹಿಡಿಕೆ ಬಿಟ್ಟರೆ ಮೊದಲನೆಯದು ನಿಲ್ಲುತ್ತದೆ. ಎರಡನೆಯದಕ್ಕೆ ಬಟ್ಟೆ ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ. ಬೆರಳು ಸಿಕ್ಕಿದರೆ ಅಂಗೈ, ಅಂಗೈ ಹಿಂದೆಯೇ ಮೊಣಕೈಯವರೆಗೆ ಎಳೆದುಕೊಳ್ಳುತ್ತದೆ, ಅಲ್ಲಿ ತಡೆದುಕೊಂಡು ನಿಂತಲ್ಲೇ ಉರುಳುತ್ತ ಚರ್ಮವನ್ನೂ ಮಾಂಸವನ್ನೂ ಅರೆಯುತ್ತದೆ. ಅಮೆರಿಕದಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅಲ್ಲಿನ ವೈದ್ಯರು ಈ ಗಾಯಕ್ಕೆ ‘ರಿಂಗರ್ ಆರ್ಮ್’ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು, ಗಾಯಾಳುಗಳಲ್ಲಿ ಮಕ್ಕಳೇ ಹೆಚ್ಚು. ಕಬ್ಬಿನ ಗಾಣದ ಹತ್ತಿರ ಮಕ್ಕಳನ್ನು ಬಿಡಬಾರದೆಂದು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇದೂ ಗಾಣವೇ. ಬೆರಳು ಸಿಕ್ಕಿದಾಗ ಒತ್ತಿದೊಡನೆ ಮೇಲಿನ ಉರುಳೆಯ ಬಿಗಿಯನ್ನು ಸಡಿಲಿಸುವ ಒಂದು ಪಟ್ಟಿ ಅಥವಾ ಸನ್ನೆಕೋಲು ಉರುಳೆಯ ಚೌಕಟ್ಟಿನ ಮೇಲೆ ಇರುತ್ತದೆ. ಕೊಳ್ಳುವ ಮೊದಲು ಅದು ಒಂದೇ ಏಟಿಗೆ ಬಿಡುತ್ತದೆಯೇ ಎಂದು ಹತ್ತು ಸಲ ಪರೀಕ್ಷಿಸಿರಿ. ಬಿಡದಿದ್ದರೆ ವ್ಯಾಪಾರಿ ಪುಕ್ಕಟೆಯಾಗಿ ಕೊಟ್ಟರೂ ತರಬೇಡಿರಿ. ಬಳಸುವ ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ತುರುಬು ಕಟ್ಟಿ, ಗಾಜಿನ ಬಳೆ ತೆಗೆದಿಟ್ಟು, ಮಾಂಗಲ್ಯದ ಸರವನ್ನು ರವಿಕೆಯೊಳಗೆ ಇಟ್ಟುಕೊಳ್ಳಬೇಕು. ಮಕ್ಕಳು ದೊಡ್ಡವರಾಗುವ ತನಕ ಉರುಳೆಯ ಭಾಗವನ್ನು ಬಿಚ್ಚಿಸಿ ಅಟ್ಟದ ಮೇಲೆ ಇಡುವುದು ನನ್ನ ಸಲಹೆ.

ವಿದ್ಯುತ್ತಿನ ತೊಡಕು ಬೇರೆ ಇದೆ. 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆದರೆ ಅದು ಸೈಕಲ್ಲನ್ನು ಬದಲಿಸುವುದಿಲ್ಲ. 60 ಸೈಕಲ್ಲಿಗೆಂದು ಮಾಡಿದ ಮೋಟಾರು ನಮ್ಮ 50 ಸೈಕಲ್ಲಿನಲ್ಲಿ ಆರರಲ್ಲಿ ಒಂದು ಪಾಲು ನಿಧಾನವಾಗಿ ತಿರುಗುತ್ತದೆ, ಅದರ ಜೊತೆಗೆ ಹೆಚ್ಚು ಬಿಸಿಯೂ ಆಗುತ್ತದೆ. ಅದೇ ಶಕ್ತಿಯ ಇಲ್ಲಿನ ಮೋಟಾರೊಂದನ್ನು ಕೂಡಿಸಿ, ಪುಲ್ಲಿಯ ಅಳತೆಯನ್ನು ಅದಕ್ಕೆ ತಕ್ಕಂತೆ ಬದಲಿಸುವುದೇ ಲೇಸು.

ವಯಸ್ಸಿನ ಬಗ್ಗೆ ಕೇಳಿದ್ದೀರಿ. ಶಿಕಾಗೋದ ಹರ್ಲಿ ಕಂಪನಿಯ ‘ಥಾರ್’ ಎಂಬ ವಿದ್ಯುತ್ ಯಂತ್ರ ಮಾರುಕಟ್ಟೆಗೆ ಬಂದದ್ದು 1908ರ ಸುಮಾರಿಗೆ. ನಿಮ್ಮ ಜಿಲ್ಲೆಯ ಶಿವನಸಮುದ್ರದ ವಿದ್ಯುತ್ತು ಮೈಸೂರು ನಗರವನ್ನು ಬೆಳಗಿಸಿದ್ದೂ ಆ ವರ್ಷವೇ. ಅಯೋವಾ ರಾಜ್ಯದ ನ್ಯೂಟನ್ ಊರಿನ ಮೇಟ್ಯಾಗ್ ಕಂಪನಿ ಹೊಲದ ಯಂತ್ರಗಳನ್ನು ಮಾಡುತ್ತಿದ್ದುದು, 1907ರಲ್ಲಿ ಕೈಯಿಂದ ತಿರುಗಿಸುವ ಒಗೆಯುವ ಯಂತ್ರಕ್ಕೆ ಕೈ ಹಾಕಿತು. ಮುಚ್ಚಳದಿಂದ ಜೋತುಬಿದ್ದು ಬಟ್ಟೆಯನ್ನು ಎಳೆದಾಡುತ್ತಿದ್ದ ಕಡೆಗೋಲಿನ ಬದಲು, ತಳದಲ್ಲಿ ನಿಂತು ನೀರನ್ನೇ ಬಟ್ಟೆಯ ಮೂಲಕ ನುಗ್ಗಿಸುವ ರೆಕ್ಕೆಗಳನ್ನು 1922ರಲ್ಲಿ ಅದೇ ಕಂಪನಿ ತಂದಿತು. ಪೂರ್ತಿ ಸ್ವಯಂಚಾಲಿತ ಯಂತ್ರ 1937ರಲ್ಲೇ ಬಂದಿದ್ದರೂ ಮೇಟ್ಯಾಗ್ ಉರುಳೆ ಯಂತ್ರಗಳನ್ನು 1983ರವರೆಗೆ ತಯಾರಿಸುತ್ತಲೇ ಇತ್ತು. ನಲ್ಲಿ ನೀರಿಲ್ಲದ ಹಳ್ಳಿಮನೆಗಳಿಗೆ ಅದೇ ಹೊಂದುತ್ತಿತ್ತು. ವಿದ್ಯುತ್ತಿಲ್ಲದ ಕಡೆಗಳಿಗೆಂದು ಪೆಟ್ರೋಲ್ ಎಂಜಿನ್ ಕೂಡಿಸಿದ ಯಂತ್ರಗಳೂ ಇದ್ದವು. ಆದುದರಿಂದ ನೀವು ಕಂಡಿರುವುದು ನೂರು ವರ್ಷದ್ದೂ ಆಗಿರಬಹುದು, ನಲವತ್ತರದ್ದೂ ಆಗಿರಬಹುದು. ‘ಬ್ರಿಟಿಷರ ಕಾಲದ್ದು’ ಎಂದು ವ್ಯಾಪಾರಿ ಹೇಳಿದರೆ ಆ ಮಾತಿಗೆ ಬೆಲೆ ಏರಿಸಬೇಡಿರಿ.

ಪ್ರಶ್ನೆ: ಉರುಳೆ ಯಂತ್ರದಲ್ಲಿ ನೀರು ಬಹಳ ಉಳಿಯುತ್ತಿತ್ತು ಎಂದು ನಮ್ಮ ಅತ್ತೆ ಹೇಳುತ್ತಾರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಪಕ್ಕದಲ್ಲೇ ಇದ್ದರೂ ನಮ್ಮ ಬಡಾವಣೆಯಲ್ಲಿ ಬೋರ್‌ವೆಲ್ ನೀರೇ ಗತಿ. ಅವರ ಮಾತು ನಿಜವೇ?

ಉತ್ತರ: ನಿಮ್ಮ ಅತ್ತೆಯವರ ಮಾತು ನಿಜ. ಸೋಪಿನ ನೀರನ್ನು ಒಮ್ಮೆ ತುಂಬಿಸಿದರೆ ಮೊದಲು ಬಿಳಿ ಪಂಚೆ, ಶರಟು. ಬಳಿಕ ಬಣ್ಣದ ಸೀರೆ, ಲಂಗ. ಕಡೆಗೆ ಗದ್ದೆಗೆ ಹೋಗುವ ಬಟ್ಟೆ, ಕಾಲೊರಸು. ಉರುಳೆಯಲ್ಲಿ ಹಿಂಡಿದ ನೀರು ವ್ಯರ್ಥವಾಗದೆ ತೊಟ್ಟಿಗೇ ಮರಳುತ್ತಿತ್ತು. ಈಗಿನ ಸ್ವಯಂಚಾಲಿತ ಯಂತ್ರಗಳು ಪ್ರತಿ ಸರತಿಯ ನೀರನ್ನೂ ಚರಂಡಿಗೆ ಬಿಡುತ್ತವೆ. ಇದಕ್ಕಾಗಿ ಹಳೆಯ ಯಂತ್ರವನ್ನು ಹುಡುಕಬೇಕಾಗಿಲ್ಲ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ಇದೇ ಸರದಿಯನ್ನು ಪಾಲಿಸಬಹುದು, ನಿಮಿಷಕ್ಕೆ ಸುಮಾರು 1,300 ಸುತ್ತು ತಿರುಗುವ ಅದರ ಒಣಗಿಸುವ ತೊಟ್ಟಿ ಉರುಳೆಗಿಂತ ಹೆಚ್ಚು ನೀರನ್ನು ತೆಗೆಯುತ್ತದೆ.

ಬೋರ್‌ವೆಲ್ ನೀರಿನ ಮಾತು ಬಂದದ್ದು ಒಳ್ಳೆಯದಾಯಿತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಮೊಸರಿನ ಗಸಿಯಂತೆ ಕಟ್ಟುತ್ತವೆ. ಬಾರ್ ಸೋಪನ್ನು ತುರಿದು ಹಾಕುತ್ತಿದ್ದ ಕಾಲದಲ್ಲಿ ಆ ಗಸಿಯನ್ನು ಉರುಳೆಗಳು ಬಟ್ಟೆಯೊಳಕ್ಕೇ ಒತ್ತಿ ಬಿಳಿಯದನ್ನು ಮಂಕು ಮಾಡುತ್ತಿದ್ದವು, ಅದನ್ನು ಮುಚ್ಚಲು ನೀಲಿ ಬೇಕಾಗುತ್ತಿತ್ತು. ಡಿಟರ್ಜೆಂಟ್ ಪುಡಿಯಿಂದ ಈ ತೊಂದರೆ ಬಹಳ ಕಡಿಮೆ. ಕಡೆಯ ಜಾಲಿಸುವಿಕೆಗೆ ಮಾತ್ರ ಮಳೆನೀರು ಸಿಕ್ಕರೆ ಬಳಸಿರಿ.

ಪ್ರಶ್ನೆ: ಮೈಸೂರು ರೇಷ್ಮೆ ಸೀರೆಯನ್ನು ರಬ್ಬರ್ ಉರುಳೆಯಲ್ಲಿ ಹಿಂಡಬಹುದೇ?

ಉತ್ತರ: ಕೂಡದು. ಜರಿಯ ಅಂಚು ಮುರಿದು ಬೀಳುವ ಗೆರೆಯನ್ನು ಯಾವ ಇಸ್ತ್ರಿಯೂ ತೆಗೆಯಲಾರದು.

ಪ್ರಶ್ನೆ: ನಮ್ಮ ಮನೆಯಲ್ಲಿ ಕೈಯಿಂದ ತಿರುಗಿಸುವ ಉರುಳೆ ಜೋಡಿ ಮಾತ್ರ ಉಳಿದಿದೆ. ರಬ್ಬರ್ ಗಟ್ಟಿಯಾಗಿ ಒಂದು ಕಡೆ ಚಪ್ಪಟೆಯಾಗಿದೆ, ಗುಂಡಿಗಳು ಒಡೆಯುತ್ತವೆ. ಸರಿಪಡಿಸುವುದು ಹೇಗೆ? (ಕುವೆಂಪುನಗರ, ಮೈಸೂರು)

ಉತ್ತರ: ಗುಂಡಿಗಳು ಒಡೆಯುವುದಕ್ಕೆ ಉರುಳೆಯಷ್ಟೇ ನಾವೂ ಕಾರಣ. ಶರಟಿನ ಗುಂಡಿ ಮತ್ತು ಜಿಪ್ಪು ಒಳಗಾಗುವಂತೆ ಬಟ್ಟೆಯನ್ನು ಮಡಚಿ, ಗುಂಡಿಗಳು ಮಲಗಿದಂತೆ ಚಪ್ಪಟೆಯಾಗಿ ಕೊಡಬೇಕು. ದಪ್ಪ ಬಟ್ಟೆ ಬಂದಾಗ ಮೇಲಿನ ತಿರುಪನ್ನು ಸಡಿಲಿಸಬೇಕು. ಕಬ್ಬಿನ ಹಾಲಿನ ಅಂಗಡಿಯವರು ಮೊದಲ ಸಲಕ್ಕೇ ಎಲ್ಲ ರಸವನ್ನೂ ತೆಗೆಯಲು ಹೋಗದೆ ಅದೇ ಜಲ್ಲೆಯನ್ನು ಮಡಚಿ ಎರಡು ಮೂರು ಸಲ ಕೊಡುತ್ತಾರಲ್ಲ, ಹಾಗೆ ಕಡಿಮೆ ಬಿಗಿಯಲ್ಲಿ ಎರಡು ಸಲ ಹಿಂಡುವುದು ಬಟ್ಟೆಗೂ ರಬ್ಬರಿಗೂ ಹಿತ.

ಗಟ್ಟಿಯಾದ ರಬ್ಬರ್ ಮತ್ತೆ ಮೆದುವಾಗುವುದಿಲ್ಲ. ಎಣ್ಣೆ ಹಚ್ಚಿದರೆ ಇನ್ನಷ್ಟು ಕೆಡುತ್ತದೆ. ಮುದ್ರಣಾಲಯದ ರೋಲರ್‌ಗಳಿಗೆ ಹೊಸ ರಬ್ಬರ್ ಹಾಕಿಕೊಡುವವರಿಗೆ ಉಕ್ಕಿನ ದಂಡವನ್ನೂ ಹಳೆಯ ರಬ್ಬರಿನ ಅಳತೆಯನ್ನೂ ಕೊಟ್ಟರೆ ಅವರು ಇದನ್ನೂ ಮಾಡಿಕೊಡಬಲ್ಲರು. ಇಂಕಿಗೆ ಹಾಕುವ ರಬ್ಬರ್ ಬೇಡ, ಬಿಸಿನೀರು ಮತ್ತು ಸೋಪು ತಾಳುವಂಥದು ಬೇಕು ಎಂದು ಮುಂಚಿತವಾಗಿಯೇ ಹೇಳಿರಿ. ಒಂದು ಕಡೆ ಚಪ್ಪಟೆಯಾಗಿರುವುದಕ್ಕೆ ಕಾರಣ, ಕೊನೆಯ ಸಲ ಬಳಸಿದವರು ತಿರುಪನ್ನು ಸಡಿಲಿಸದೆ ಬಿಟ್ಟದ್ದು. ಎರಡು ಉರುಳೆಗಳೂ ವರ್ಷಗಟ್ಟಲೆ ಒಂದನ್ನೊಂದು ಅಮುಕಿಕೊಂಡು ನಿಂತಿವೆ. ಹೊಸ ರಬ್ಬರ್ ಹಾಕಿಸಿದ ಮೇಲೆ ಪ್ರತಿಸಲವೂ ಕೆಲಸ ಮುಗಿದೊಡನೆ ಒರೆಸಿ, ತಿರುಪು ಸಡಿಲಿಸಿ, ಉರುಳೆಗಳ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟು ಬಿಸಿಲು ಬೀಳದ ಕಡೆ ಇಡಿರಿ.