ಕರಡಿ ಮುಖದ ಸಿರಿಂಜು ಯಾರಿಗೆ ಬೇಕು?

ಮಕ್ಕಳ ಹಲ್ಲಿನ ಬಗ್ಗೆ ಬರುವ ಪತ್ರಗಳಲ್ಲಿ ಅವೇ ನಾಲ್ಕು ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತಿರುವುದರಿಂದ, ಒಮ್ಮೆ ಬಿಡಿಸಿ ಬರೆದುಬಿಡುವುದೇ ಲೇಸು ಎನಿಸಿದೆ.

ಡಾಕ್ಟರೇ, ನಾವು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು. ಮಕ್ಕಳಿಗೆ ಭಯವಾಗದಂತೆ ಸಿರಿಂಜಿಗೂ ಹಲ್ಲು ಕೊರೆಯುವ ಯಂತ್ರಕ್ಕೂ ಕರಡಿ, ಮೊಲದ ಆಕಾರದ ಬಣ್ಣದ ಕವಚಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡುತ್ತಿದ್ದೇವೆ. ತಮ್ಮ ಸಲಹೆ ಬೇಕು. – ಯಲಹಂಕ

ಪ್ರಾಜೆಕ್ಟಿನ ಕಾಲ ಬಂದಾಗಲೆಲ್ಲ ಈ ಕರಡಿಯೂ ಬರುತ್ತದೆ. ಹಿಂದೊಮ್ಮೆ ಒಂದು ತಂಡ ತಂದುಕೊಟ್ಟ ಕವಚವನ್ನು ನಮ್ಮ ಸಹಾಯಕಿ ಉಪಕರಣಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವಿಗೆ ಹಾಕಿದರು. 121 ಡಿಗ್ರಿಯ ಹಬೆಯಿಂದ ಹೊರಬಂದಾಗ ಕರಡಿಯ ಒಂದು ಕಿವಿ ಕೆನ್ನೆಗೆ ಅಂಟಿಕೊಂಡಿತ್ತು. ನೀವು ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಶಾಖ ತಾಳುವ ಪ್ಲಾಸ್ಟಿಕ್ಕಿನಲ್ಲಿ ಮಾಡಿದರೂ, ಪದರ ಪದರವಾಗಿ ಮುದ್ರಣಗೊಂಡ ಮೈಯ ಗೀರುಗಳಲ್ಲಿ ಸೇರಿಕೊಂಡ ರಕ್ತ, ಎಂಜಲು ಬ್ರಷ್ಷಿಗೆ ಸಿಗುವುದಿಲ್ಲ. ಇದೆಲ್ಲ ಸರಿಹೋಯಿತೆಂದೇ ಇಟ್ಟುಕೊಳ್ಳೋಣ. ನಿಮ್ಮ ಕವಚ ಉಪಕರಣದ ಗಾತ್ರವನ್ನು ಹಿಗ್ಗಿಸುತ್ತದೆ, ನಮಗೆ ಬೇಕಾಗಿರುವುದು ಕುಗ್ಗಿಸುವವರು.

ನಾಲ್ಕು ವರ್ಷದ ಮಗುವಿನ ಹಿಂದಿನ ದವಡೆ ಹಲ್ಲಿನ ಮೇಲೆ ಏರೋಟರನ್ನು, ಅಂದರೆ ಕೊರೆಯುವ ಯಂತ್ರವನ್ನು, ನೆಟ್ಟಗೆ ಹಿಡಿಯಲು ಹೆಣಗಿದವರಿಗೆ ಒಂದೊಂದು ಮಿಲಿಮೀಟರಿನ ಬೆಲೆ ಗೊತ್ತು. ಅದರ ತುದಿಗೆ ಸಿಕ್ಕಿಸುವ ಕೊರೆಮೊನೆಗೆ ಬರ್ ಎನ್ನುತ್ತೇವೆ. ಸಾಮಾನ್ಯ ಬರ್‌ನ ಉದ್ದ 19 ಮಿ.ಮೀ., ಗಿಡ್ಡ ಬರ್‌ನದು 16. ಆ ಮೂರು ಮಿಲಿಮೀಟರ್ ಉಳಿಯದಿದ್ದರೆ ಯಂತ್ರದ ತಲೆ ಎದುರಿನ ಹಲ್ಲಿಗೆ ತಾಗಿ ಬರ್ ಓರೆಯಾಗುತ್ತದೆ. ಹಾಲುಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಸುಮಾರು 1 ಮಿ.ಮೀ. ದಪ್ಪ, ಒಳಗಿನ ನರದ ಕೋಣೆಯೋ ಹಲ್ಲಿನ ಗಾತ್ರಕ್ಕೆ ದೊಡ್ಡದು, ಆದ್ದರಿಂದ ಓರೆಯಾದ ಬರ್ ನರಕ್ಕೆ ತಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಇನ್ನು ಶಬ್ದ. ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುವ ಟರ್ಬೈನಿನ ಸೀಟಿಯಂಥ ಕೂಗು ಕೇಳಿದರೆ ಬಾಗಿಲಾಚೆ ಕುಳಿತ ಮಗುವೂ ಅಮ್ಮನ ಸೆರಗು ಹಿಡಿಯುತ್ತದೆ. ಯಂತ್ರದ ಬಣ್ಣವನ್ನು ಅದಿನ್ನೂ ನೋಡಿಯೇ ಇರುವುದಿಲ್ಲ. ಪೆಡಲ್‌ನಿಂದ ಕಾಲು ತೆಗೆದ ಮೇಲೂ ಬರ್ ಕ್ಷಣಕಾಲ ತಿರುಗುತ್ತಿರುತ್ತದೆ, ಅಷ್ಟರಲ್ಲಿ ಮಗು ನಾಲಿಗೆಯನ್ನು ಅಡ್ಡ ತಂದಿರುತ್ತದೆ. ಸಣ್ಣ ತಲೆಯ, ಕಡಿಮೆ ಕೂಗುವ, ತಟ್ಟನೆ ನಿಲ್ಲುವ ಯಂತ್ರವನ್ನು ಬಡಾವಣೆಯ ಕ್ಲಿನಿಕ್ಕಿನವರೂ ಕೊಳ್ಳಬಲ್ಲ ಬೆಲೆಗೆ ಮಾಡಿ. ಅದು ಬೂದುಬಣ್ಣದ್ದಾದರೂ ನಾನು ಕೊಳ್ಳುತ್ತೇನೆ.

ಕೀಳುವ ಇಕ್ಕಳದ ಮಾತೂ ಅಷ್ಟೇ. ಕೆಳದವಡೆಯ ಹಿಂದಿನ ಹಾಲುಹಲ್ಲಿನ ಬೇರುಗಳು ಕವಲೊಡೆದು, ನಡುವೆ ಕಾಯಂ ಹಲ್ಲಿನ ಮೊಳಕೆಯನ್ನು ಅಪ್ಪಿಕೊಂಡಿರುತ್ತವೆ. ದೊಡ್ಡವರಿಗೆ ಬಳಸುವ ಕೌಹಾರ್ನ್ ಇಕ್ಕಳದ ಮೊನೆಗಳು ನುಗ್ಗುವುದು ಆ ಕವಲಿಗೇ ಆದ್ದರಿಂದ, ಅದನ್ನು ಮಕ್ಕಳ ಟ್ರೇಯ ಹತ್ತಿರವೂ ನಾನು ಸುಳಿಯಗೊಡುವುದಿಲ್ಲ.

ಸಿರಿಂಜಿನ ಕರಡಿಯನ್ನಂತೂ ಕೈಬಿಡಿ. ಆಟಿಕೆಯೆಂದು ನಂಬಿಸಿ ಚುಚ್ಚಿಸಿಕೊಂಡ ಮಗು ಮುಂದಿನ ಸಲ ಬಾಯಿಯನ್ನೇ ತೆರೆಯುವುದಿಲ್ಲ. ಹೇಳಿ, ತೋರಿಸಿ, ಆಮೇಲೆ ಮಾಡುವ ಕ್ರಮ 1959ರಿಂದಲೂ ನಮ್ಮಲ್ಲಿದೆ. ಹಲ್ಲು ಉಜ್ಜುವ ರಬ್ಬರ್ ಕಪ್ಪನ್ನು ಮೊದಲು ಮಗುವಿನ ಉಗುರಿನ ಮೇಲೆ ತಿರುಗಿಸಿ ತೋರಿಸುತ್ತೇವೆ, ಅದಕ್ಕೆ ಕಚಗುಳಿಯಾಗಿ ನಗು ಬರುತ್ತದೆ. ಅನುಮತಿ ಪಡೆದು ಬೆಂಗಳೂರಿನ ಕೋಟೆ ಪ್ರದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಒಂದು ಬೆಳಗು ಸುಮ್ಮನೆ ನಿಂತು ನೋಡಿ, ನಂತರ ಕಂಪ್ಯೂಟರ್ ತೆರೆಯಿರಿ.

ಮಗನಿಗೆ ಐದು ವರ್ಷ. ಹೇಗಿದ್ದರೂ ಬೀಳುವ ಹಾಲುಹಲ್ಲಿಗೆ ಇಷ್ಟೆಲ್ಲ ಉಪಕರಣ, ಖರ್ಚು ಏಕೆ? – ಬಸವನಗುಡಿ

ಹಿಂದಿನ ಹಾಲುಹಲ್ಲು ಬೀಳುವುದು 10ರಿಂದ 12ನೇ ವಯಸ್ಸಿಗೆ; ಬಾಯಲ್ಲಿ ಬಾವು ಇಟ್ಟುಕೊಂಡು ನೀವೇ ಒಂದು ವಾರ ಊಟ ಮಾಡಿ ನೋಡಿ.

ಯಂತ್ರವೇ ಇಲ್ಲದೆ, ಬೀಜದ ಹೊಗೆ ಹಾಕಿ ಹಲ್ಲಿನ ಹುಳ ಬೀಳಿಸುತ್ತಾರಂತೆ, ನಿಜವೇ? – ಕೆ.ಆರ್. ಪುರ

ಹುಳುಕು ಎಂಬ ಮಾತಿನಲ್ಲಿ ಹುಳವಿದೆಯೇ ಹೊರತು ಹಲ್ಲಿನಲ್ಲಿಲ್ಲ. ಸಿಹಿ ತಿಂದ ಬ್ಯಾಕ್ಟೀರಿಯಾಗಳು ಉಗುಳುವ ಆಮ್ಲ ಹಲ್ಲನ್ನು ಕರಗಿಸುತ್ತದೆ. ತಟ್ಟೆಗೆ ಬಿದ್ದ ಹುಳ ಹೊಗೆ ಹಾಕಿದವನ ಕೈಚಳಕ. ಅಂಥವನ ಮುಂದೆ ಮಗುವಿನ ಬಾಯಿ ತೆರೆಸುವ ಹೆತ್ತವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಕೊರೆಯದೆ ಚಿಕಿತ್ಸೆ ಸಾಧ್ಯವೇ? – ಜಯನಗರ

ನರ ಮುಟ್ಟದ ಕೆಲವು ಹುಳುಕಿಗೆ ಸಾಧ್ಯ: ಹಲ್ಲಿನ ಮೇಲೆ ಉಕ್ಕಿನ ಟೋಪಿ ಕೂರಿಸಬಹುದು, ಇಲ್ಲವೇ 38 ಶೇಕಡಾ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣ ಹಚ್ಚಬಹುದು. ಎರಡನೆಯದರಿಂದ ಹುಳುಕಿನ ಜಾಗ ಕಪ್ಪಾಗುತ್ತದೆ. ಈಗಲೇ ಹೇಳಿದ್ದೇನೆ, ಆಮೇಲೆ ಫೋನ್ ಮಾಡಿ ಕೇಳಬೇಡಿ.