ಹಸಿರು ಕಫವೂ ಇಮ್ಯುನಿಟಿ ಪುಡಿಯೂ

ಪ್ರಶ್ನೆ: ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಾರೆ. ಬಿಳಿ ರಕ್ತಕಣ 21,000 ಇದೆ, ಕಫ ಹಸಿರಾಗಿದೆ. ರೋಗನಿರೋಧಕ ಶಕ್ತಿ ಕುಸಿದಿದೆ ಎಂದು ಪರಿಚಯದವರೊಬ್ಬರು ಪುಡಿ ಕೊಟ್ಟಿದ್ದಾರೆ. ಕೊಡಬಹುದೇ?

ಉತ್ತರ: ಬೇಡ. ಮಳೆಗಾಲ ಬಂತೆಂದರೆ ಇದೇ ಪತ್ರ ಹತ್ತು ಊರುಗಳಿಂದ ಬರುತ್ತದೆ. ಪುಡಿಯ ಹೆಸರು ಮಾತ್ರ ಬೇರೆ. 11,000 ದಾಟಬಾರದ ಲೆಕ್ಕ 21,000ಕ್ಕೆ ಏರಿದೆ ಎಂದರೆ ಯಾವ ಶಕ್ತಿ ಕುಸಿದಂತಾಯಿತು?

ಶ್ವಾಸಕೋಶದ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕೋಶ ಸದಾ ಓಡಾಡಿಕೊಂಡಿರುತ್ತದೆ. ಉಸಿರಿನೊಡನೆ ಬಂದ ದೂಳು, ಒಂದೆರಡು ಬ್ಯಾಕ್ಟೀರಿಯಾ, ಎಲ್ಲವನ್ನೂ ಸದ್ದಿಲ್ಲದೆ ನುಂಗುವುದು ಅದರ ಕೆಲಸ. ಒಂದೊಂದು ಕಣಕ್ಕೂ ಅದು ಬೊಬ್ಬೆ ಹಾಕಿದರೆ ನಾವು ಉಸಿರಾಡಿದಂತೆಯೇ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಗುಂಪುಗುಂಪಾಗಿ ಇಳಿದಾಗ ಮಾತ್ರ ಮ್ಯಾಕ್ರೋಫೇಜ್ ಸೋಲುತ್ತದೆ. ಆ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆಯ ಜಾರುಹೊದಿಕೆ ಇದೆ, ಹಿಡಿತಕ್ಕೆ ಸಿಗುವುದಿಲ್ಲ. ಆಗ ಇಂಟರ್‌ಲ್ಯೂಕಿನ್-8, ಟಿಎನ್‌ಎಫ್ ಮುಂತಾದ ರಾಸಾಯನಿಕಗಳ ಮೂಲಕ ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಿಗೆ ಕರೆ ಹೋಗುತ್ತದೆ; ಗಾಳಿಚೀಲದ ಗೋಡೆಯ ಜೀವಕೋಶಗಳೂ ದನಿಗೂಡಿಸುತ್ತವೆ. ಅಸ್ಥಿಮಜ್ಜೆ ದಿನಕ್ಕೆ ಹೆಚ್ಚುಕಡಿಮೆ 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಈಗ ಬಲಿಯದವನ್ನೂ ಹೊರಗೆ ಕಳಿಸುತ್ತಿದೆ. ನಿಮ್ಮ 21,000 ಅದೇ.

ಹಸಿರು ಬಣ್ಣವೂ ಅವುಗಳದೇ. ನ್ಯೂಟ್ರೋಫಿಲ್‌ನೊಳಗಿನ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ ಬಣ್ಣವೇ ಹಸಿರು. ವೈರಸ್ ಕೆಮ್ಮಿನಲ್ಲೂ ಕಫ ಹಸಿರಾಗುತ್ತದೆ; ಬಣ್ಣ ನೋಡಿ ಆಂಟಿಬಯೋಟಿಕ್ ಕೊಡುವ ಅಂಗಡಿಯವರು ಇದನ್ನು ಓದಲಿ.

ಕಷ್ಟ ಇರುವುದು ಮುಂದೆ. ನ್ಯೂಟ್ರೋಫಿಲ್ ಸುರಿಯುವ ಕಿಣ್ವಗಳಿಗೆ ತನ್ನದು, ಪರರದು ಎಂಬ ಭೇದವಿಲ್ಲ. ಬ್ಯಾಕ್ಟೀರಿಯಾದ ಜೊತೆ ಗಾಳಿಚೀಲದ ಗೋಡೆಯನ್ನೂ ಕೊರೆಯುತ್ತವೆ. ಚೀಲ ನೀರು, ಕೀವಿನಿಂದ ತುಂಬುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಮ್ಮ ಮೇಷ್ಟ್ರು ಅಂಥ ಶ್ವಾಸಕೋಶದ ತುಣುಕೊಂದನ್ನು ನೀರಿನ ಬೋಗುಣಿಗೆ ಹಾಕಿ ತೋರಿಸಿದ್ದರು. ಒಳ್ಳೆಯ ಶ್ವಾಸಕೋಶ ತೇಲುತ್ತದೆ. ಇದು ಯಕೃತ್ತಿನ ತುಂಡಿನಂತೆ ಗಟ್ಟಿಯಾಗಿ ತಳ ಸೇರಿತು. ಆ ರೋಗಿಗೆ ಇಮ್ಯುನಿಟಿಯ ಕೊರತೆ ಇತ್ತೆಂದು ಯಾರು ಹೇಳುತ್ತಾರೆ?

ಹಾಗಾಗಿ ಬಂದವರನ್ನು ಕಳಿಸಿಕೊಡುವುದೂ ಅಷ್ಟೇ ದೊಡ್ಡ ಕೆಲಸ. ಕೆಲಸ ಮುಗಿಸಿ ಸಾಯುವ ನ್ಯೂಟ್ರೋಫಿಲ್‌ಗಳನ್ನು ಮತ್ತದೇ ಮ್ಯಾಕ್ರೋಫೇಜ್ ನುಂಗುತ್ತದೆ. ಮದುವೆಮನೆಯಲ್ಲಿ ಊಟಕ್ಕೆ ಕರೆದವರೇ ಕೊನೆಗೆ ಎಲೆ ಎತ್ತಿದ ಹಾಗೆ. ಎಲೆ ಎತ್ತುತ್ತಲೇ ಅದರ ಮಾತು ಬದಲಾಗುತ್ತದೆ: ಇಂಟರ್‌ಲ್ಯೂಕಿನ್-10ರಂಥ, ಉರಿಯೂತ ತಣಿಸುವ ಸಂದೇಶಗಳು ಹೊರಡುತ್ತವೆ. ಇದಕ್ಕೆ ಸಮಯ ಬೇಕು. ವಯಸ್ಸಾದವರಲ್ಲಿ ಜ್ವರ ಬಿಟ್ಟು ಆರು ವಾರ ಕಳೆದರೂ ಎಕ್ಸ್‌ರೇಯಲ್ಲಿ ಕಲೆ ಉಳಿದಿರಬಹುದು. ಮೂರು ದಿನಕ್ಕೊಮ್ಮೆ ಎಕ್ಸ್‌ರೇ ತೆಗೆಸಿ ನನಗೆ ಕಳಿಸಬೇಡಿ.

ಅಪ್ಪನಿಗೆ ನೆರವಾಗಲೇಬೇಕೆಂದಿದ್ದರೆ ಸಕ್ಕರೆಯ ಮಟ್ಟ ನೋಡಿಕೊಳ್ಳಿ. ಅದು ಏರಿದಷ್ಟೂ ನ್ಯೂಟ್ರೋಫಿಲ್‌ಗಳು ಎಣಿಕೆಗೆ ಮಾತ್ರ. ತಲುಪುವುದೂ ನಿಧಾನ, ಕೊಲ್ಲುವುದೂ ನಿಧಾನ. ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹೊಸ ಸುದ್ದಿಯಲ್ಲ. ತಿಂದ ಮರುದಿನ ಹುಮ್ಮಸ್ಸು, ಸಕ್ಕರೆ ಮಾತ್ರ ನಾನೂರು. ಅಂಥದ್ದನ್ನು ಮಾರುವವರನ್ನು ವೈದ್ಯರೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಪ್ರಶ್ನೆ: ಉರಿಯೂತವೇ ತೊಂದರೆಯಾದರೆ ಅದನ್ನು ತಗ್ಗಿಸುವ ಸ್ಟಿರಾಯ್ಡನ್ನು ಎಲ್ಲರಿಗೂ ಕೊಡಬಾರದೇಕೆ?

ಉತ್ತರ: ತೀವ್ರ ನಿಗಾ ಘಟಕ ಸೇರಿದ ಕೆಲವರಿಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್‌ನಿಂದ ಸಾವು ಕಡಿಮೆಯಾದದ್ದು 2023ರ ಫ್ರಾನ್ಸಿನ ಅಧ್ಯಯನದಲ್ಲಿ ಕಂಡಿದೆ. ಅಲ್ಲಿ ಫ್ಲೂ ರೋಗಿಗಳನ್ನು ಹೊರಗಿಟ್ಟಿದ್ದರು. ಮನೆಯಲ್ಲಿ ಕುಳಿತು ತೀರ್ಮಾನಿಸುವ ಮಾತಲ್ಲ.

ಪ್ರಶ್ನೆ: ಹಬೆ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಸಾಯುತ್ತದೆಯೇ?

ಉತ್ತರ: ಇಲ್ಲ. ಮುಖ ಸುಟ್ಟುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಮಗುವಿಗೆ ನ್ಯುಮೋಕಾಕಸ್ ಲಸಿಕೆ ಬೇಕೇ?

ಉತ್ತರ: ಬೇಕು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಆ ಜಾರುಹೊದಿಕೆಗೆ ಅಂಟಿಕೊಂಡು ಮ್ಯಾಕ್ರೋಫೇಜಿನ ಕೈಗೆ ಹಿಡಿ ಒದಗಿಸುತ್ತವೆ. ಮೇಲಿನ ಪತ್ರ ಬರೆದವರು, ಅಪ್ಪ ಚೇತರಿಸಿಕೊಂಡ ಮೇಲೆ ಹಿರಿಯರ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಪುಡಿಯ ದುಡ್ಡು ಅದಕ್ಕಿರಲಿ.